ಬ್ಯಾಟ್‌ಮ್ಯಾನ್ ಕಡೆ ಅಷ್ಟು ರೊಕ್ಕ ಎಲ್ಲಿಂದ ಬಂತು?

ಒಂದು ಗಣಿ. ಸುರಂಗ ಕುಸಿದು ಕೂಲಿಯಾಳೊಬ್ಬ ಒಳಗೆ ಸಿಕ್ಕಿಬಿದ್ದಿದ್ದಾನೆ. ಹೇಗೋ ಹೊರಗೆ ತರುತ್ತಾರೆ. ಜೀವ ಉಳಿಯುತ್ತದೆ, ಆದರೆ ಇನ್ನು ದುಡಿಯುವ ಮೈ ಅಲ್ಲ ಅದು. ಗಣಿ ಸುರಕ್ಷಿತವಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಮಾಲೀಕನನ್ನು ಕೇಳಿದರೆ ತನ್ನದೇನೂ ತಪ್ಪಿಲ್ಲ ಅನ್ನುತ್ತಾನೆ. ಅವನ ಬಂಗಲೆಯಲ್ಲಿ ಶ್ರೀಮಂತ ಗೆಳೆಯರಿಗೆ ಔತಣ ನಡೆದಿದೆ. ಮಜಾ ಇರುತ್ತದೆ ಅಂತ ಎಲ್ಲರನ್ನೂ ಗಣಿಯೊಳಗೆ ಕರೆದುಕೊಂಡು ಹೋಗುತ್ತಾನೆ. ಆಗ ಕೂಲಿಯಾಳಿನ ವೇಷದಲ್ಲಿದ್ದ ಒಬ್ಬ ಸುರಂಗವನ್ನು ಬೇಕಂತಲೇ ಬೀಳಿಸುತ್ತಾನೆ. ಅಪಾಯದ ಗಂಟೆ ಬಾರಿಸಲು ಹೋದರೆ ಅದು ಕೆಲಸ ಮಾಡುವುದಿಲ್ಲ. ರೇಷ್ಮೆ, ಸೂಟು ತೊಟ್ಟವರು ಗುದ್ದಲಿ ಹಿಡಿದು ಅಗೆಯಬೇಕಾಗುತ್ತದೆ. ಕೈ ಸೋಲುತ್ತದೆ, ಉಸಿರು ಕಟ್ಟುತ್ತದೆ. ಕೊನೆಗೆ ಆ ಕೂಲಿಯಾಳೇ ದಾರಿ ಬಿಡಿಸಿ ಎಲ್ಲರನ್ನೂ ಉಳಿಸುತ್ತಾನೆ. ಇನ್ನು ಮೇಲೆ ನನ್ನ ಗಣಿ ದೇಶದಲ್ಲೇ ಸುರಕ್ಷಿತ ಗಣಿ ಆಗುತ್ತದೆ ಅಂತ ಮಾಲೀಕ ಮಾತು ಕೊಡುತ್ತಾನೆ.

ಇದು 1938ರ ಆ್ಯಕ್ಷನ್ ಕಾಮಿಕ್ಸ್ ಮೂರನೇ ಸಂಚಿಕೆ. ಆ ಕೂಲಿಯಾಳು ಸೂಪರ್‌ಮ್ಯಾನ್.

ಈ ಕಥೆಯಲ್ಲಿ ಬೇರೆ ಗ್ರಹದ ವೈರಿ ಇಲ್ಲ. ಯಂತ್ರಮಾನವ ಇಲ್ಲ. ಲೋಕ ನಾಶ ಮಾಡಲು ಹೊರಟ ಹುಚ್ಚು ವಿಜ್ಞಾನಿಯೂ ಇಲ್ಲ. ಇರುವುದು ಖರ್ಚು ಉಳಿಸಲು ಕೂಲಿಯವರ ಜೀವವನ್ನು ಪಣಕ್ಕಿಟ್ಟ ಒಬ್ಬ ಮಾಲೀಕ. ಅವನು ಪೊಲೀಸರ ಕಣ್ಣಲ್ಲಿ ಕಳ್ಳನಲ್ಲ, ಊರಿನ ಗೌರವಸ್ಥ. ಆದರೂ ಕಥೆ ಅವನನ್ನೇ ಅಪರಾಧಿ ಅಂತ ನಿಲ್ಲಿಸುತ್ತದೆ. ನನಗೆ ಸೂಪರ್‌ಹೀರೋ ಕಾಮಿಕ್ಸ್ ಇಷ್ಟ ಆಗುವುದಕ್ಕೆ ಇದೇ ದೊಡ್ಡ ಕಾರಣ. ಮುಂದೆ ಆ ಕಾಮಿಕ್ಸ್ ಹೋದ ದಾರಿಯ ಬಗ್ಗೆ ನನಗೆ ಸಿಟ್ಟು ಇರುವುದಕ್ಕೂ ಇದೇ ಕಾರಣ. ಹಾರುವುದು, ಗುದ್ದುವುದು ನನಗೆ ಆಮೇಲಿನ ಮಾತು. ಯಾವುದನ್ನು ಅನ್ಯಾಯ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ, ಯಾವುದನ್ನು ಸುಮ್ನೆ ಬಿಟ್ಟುಬಿಡುತ್ತಾರೆ ಅನ್ನುವುದನ್ನೇ ನಾನು ಮೊದಲು ನೋಡುವುದು.

ನಾನು ಬಾಗಲಕೋಟೆಯವನು. ಅವ್ವನ ತವರು ಬನಹಟ್ಟಿ. ಅಲ್ಲಿ ಓಣಿಗೆ ಕಾಲಿಟ್ಟರೆ ಸಾಕು, ಪವರ್‌ಲೂಮಿನ ಸದ್ದು ಕಿವಿಗೆ ಬೀಳುತ್ತದೆ. ರಜೆಯಲ್ಲಿ ಅಲ್ಲಿಗೆ ಹೋದಾಗ ರದ್ದಿ ಅಂಗಡಿಯಲ್ಲಿ ಹಳೆಯ ಕಾಮಿಕ್ಸ್ ಸಿಗುತ್ತಿದ್ದವು. ಸೊಲ್ಲಾಪುರ, ಪುಣೆ ಕಡೆಯಿಂದ ಬಂದ ರದ್ದಿ ಇರಬೇಕು. ಇಂಗ್ಲಿಷ್ ಕೆಲವು, ಮರಾಠಿ ಕೆಲವು. ಮುಖಪುಟ ಇರುತ್ತಿರಲಿಲ್ಲ, ಕೊನೆಯ ಪುಟವೂ ಇರುತ್ತಿರಲಿಲ್ಲ. ಮನೆಯಲ್ಲಿ ಸುಧಾ ವಾರಪತ್ರಿಕೆ ಬಂದರೆ ಮೊದಲು ಫ್ಯಾಂಟಮ್ ಇರುವ ಪುಟಕ್ಕೆ ಜಗಳ. ಕನ್ನಡದಲ್ಲಿ ನಮಗೆ ಸಿಕ್ಕ ಮುಸುಕಿನ ವೀರ ಅವನೇ. ಅವನ ತಲೆಬುರುಡೆ ಗುಹೆಯಲ್ಲಿ ಚಿನ್ನ, ರತ್ನ ತುಂಬಿದ ಖಜಾನೆ ಕೋಣೆಗಳಿದ್ದವು. ಸುತ್ತಲಿನ ಕಾಡಿನ ಜನ ಅವನ ಮಾತಿಗೆ ತಲೆಬಾಗುತ್ತಿದ್ದರು. ತಲೆಮಾರುಗಳಿಂದ ಒಂದೇ ಬಿಳಿ ಮನೆತನ ಆ ಕಾಡಿನ ನ್ಯಾಯ ನಡೆಸುತ್ತಿತ್ತು. ಆ ಖಜಾನೆ ಆ ಜನರಿಗೆ ಏಕೆ ಸೇರಲಿಲ್ಲ ಅಂತ ಆಗ ನಾವ್ಯಾರೂ ಕೇಳಲಿಲ್ಲ. ಮಕ್ಕಳು ಕೇಳದಂತೆ ಕಥೆ ನಮ್ಮನ್ನು ಓಡಿಸಿಕೊಂಡು ಹೋಗುತ್ತಿತ್ತು.

ಈಗ ನನ್ನ ಅಕ್ಕನ ಮಗ ಕೇಳುತ್ತಾನೆ. ಹೈಸ್ಕೂಲು ಹುಡುಗ. ಮೊಬೈಲಿನಲ್ಲಿ ಸಿನಿಮಾ ನೋಡಿ, ಆಮೇಲೆ ಕಾಮಿಕ್ಸಿಗೆ ಬಂದವನು. ಒಂದು ಸಂಜೆ ಪುಸ್ತಕ ಮಡಚಿ ಕೇಳಿದ: "ಮಾಮಾ, ಈ ಬ್ಯಾಟ್‌ಮ್ಯಾನ್ ಕಡೆ ಅಷ್ಟು ರೊಕ್ಕ ಎಲ್ಲಿಂದ ಬಂತು?"

"ಅವರಪ್ಪ ಬಿಟ್ಟು ಹೋಗಿದ್ದ" ಅಂದೆ.

"ಅವರಪ್ಪಗ ಎಲ್ಲಿಂದ ಬಂತು?"

ಈ ಎರಡನೇ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ ಅಲ್ಲ. ಅದಕ್ಕೆ ಮೊದಲು ಸೂಪರ್‌ಮ್ಯಾನ್ ಹುಟ್ಟಿದ ಮನೆಗೆ ಹೋಗಬೇಕು.

ಅವನ ಕಥೆ ಬರೆದ ಜೆರ್ರಿ ಸೀಗಲ್, ಚಿತ್ರ ಬರೆದ ಜೋ ಶುಸ್ಟರ್ ಇಬ್ಬರೂ ಅಮೆರಿಕದ ಕ್ಲೀವ್‌ಲ್ಯಾಂಡಿನ ಹುಡುಗರು. ಯುರೋಪಿನಿಂದ ವಲಸೆ ಬಂದ ಯಹೂದಿ ಮನೆತನಗಳ ಮಕ್ಕಳು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆದವರು. ಚಿತ್ರ ಬರೆಯುವ ಹಾಳೆ ಕೊಳ್ಳಲು ದುಡ್ಡಿಲ್ಲದೆ ಶುಸ್ಟರ್ ಅಂಗಡಿಯ ಕಂದು ಕಾಗದದ ಮೇಲೆ, ಗೋಡೆಗೆ ಅಂಟಿಸುವ ಕಾಗದದ ಬೆನ್ನ ಮೇಲೆ ಚಿತ್ರ ಬರೆಯುತ್ತಿದ್ದ. ಸೀಗಲ್ ತಂದೆಗೆ ಹಳೆ ಬಟ್ಟೆಯ ಅಂಗಡಿ ಇತ್ತು. 1932ರಲ್ಲಿ ಅಂಗಡಿಗೆ ಕಳ್ಳರು ನುಗ್ಗಿದಾಗ ಆತ ಅಲ್ಲೇ ಕುಸಿದು ತೀರಿಕೊಂಡ.

ಈ ಮಾತು ನನ್ನನ್ನು ಬಹಳ ಕಾಡುತ್ತದೆ. ಅಪ್ಪನನ್ನು ಕಳ್ಳತನದಲ್ಲಿ ಕಳೆದುಕೊಂಡ ಹುಡುಗ ಒಬ್ಬ ವೀರನನ್ನು ಕಟ್ಟುತ್ತಾನೆ. ಆ ವೀರ ಓಣಿಯ ಕಳ್ಳರ ಬೆನ್ನು ಹತ್ತಬೇಕಿತ್ತು ಅಲ್ವಾ? ಆದರೆ ಶುರುವಿನ ಕಥೆಗಳಲ್ಲಿ ಅವನು ಹೋಗುವುದು ಹೆಂಡತಿಯನ್ನು ಹೊಡೆಯುವ ಗಂಡನ ಮನೆಗೆ, ರಾಜಕಾರಣಿಯನ್ನು ಕೊಂಡುಕೊಂಡ ದಲ್ಲಾಳಿಯ ಬಳಿಗೆ, ಗಣಿ ಮಾಲೀಕನ ಬಂಗಲೆಗೆ. ಎಂಟನೇ ಸಂಚಿಕೆಯಲ್ಲಿ, ಅಂದರೆ 1939ರ ಜನವರಿಯಲ್ಲಿ, ಕಳ್ಳ ಹುಡುಗರೇ ಎದುರಿಗೆ ಬರುತ್ತಾರೆ. ಆಗಲೂ ತಪ್ಪು ಹುಡುಗರದಲ್ಲ, ಅವರು ಬೆಳೆದ ಕೊಳೆಗೇರಿಯದು ಅನ್ನುತ್ತದೆ ಕಥೆ. ಅಪ್ಪನ ಸಾವಿನ ನೋವು ಇಟ್ಟುಕೊಂಡೇ ಸೀಗಲ್ ಇದನ್ನು ಬರೆದ. ಅಷ್ಟು ದೊಡ್ಡ ಮನಸ್ಸು ಎಲ್ಲರಿಗೂ ಬರುವುದಿಲ್ಲ.

ಅದೇ ಎಂಟನೇ ಸಂಚಿಕೆಯ ಕೊನೆ ಮಾತ್ರ ಬಾಗಲಕೋಟೆಯವರಿಗೆ ಬೇರೆ ಥರ ಕಾಣುತ್ತದೆ. ಚಂಡಮಾರುತ ಬಂದ ಊರಿಗೆ ಸರ್ಕಾರ ಹೊಸ ಮನೆ ಕಟ್ಟಿಸಿಕೊಡುತ್ತದೆ ಅನ್ನುವುದು ಸೂಪರ್‌ಮ್ಯಾನ್‌ಗೆ ತಿಳಿಯುತ್ತದೆ. ಹಾಗಾದರೆ ಕೊಳೆಗೇರಿಗೂ ನಾನೇ ಚಂಡಮಾರುತ ಆಗುತ್ತೇನೆ ಅಂತ ಅವನು ಜನರನ್ನು ಹೊರಗೆ ಕಳಿಸಿ ಕಟ್ಟಡಗಳನ್ನು ಒಡೆದು ಹಾಕುತ್ತಾನೆ. ಸಾಮಾನು ಹೊತ್ತುಕೊಂಡು ಜನ ಹೊರಡುತ್ತಾರೆ. ಕಾಮಿಕ್ಸ್ ಪುಟದಲ್ಲಿ ಒಂದೆರಡು ಚಿತ್ರದ ಚೌಕ ದಾಟಿದರೆ ಹೊಸ ಕಟ್ಟಡಗಳು ಎದ್ದು ನಿಂತಿರುತ್ತವೆ.

ಆ ಎರಡು ಚೌಕಗಳ ನಡುವೆ ಏನಿದೆ ಅಂತ ನಮಗೆ ಗೊತ್ತು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಸೆಕ್ಟರ್ ನಂಬರು ಹಾಕಿಕೊಂಡು ನವನಗರ ಎದ್ದಿತು. ಕಾಮಿಕ್ಸಿನ ಲೆಕ್ಕದಲ್ಲಿ ಒಂದೇ ಚೌಕದ ಅಂತರ. ನಮ್ಮ ಲೆಕ್ಕದಲ್ಲಿ ಅದು ನೋಟಿಸು, ಅಳತೆ, ಪರಿಹಾರದ ಕಾಗದ, ಕಚೇರಿಯಿಂದ ಕಚೇರಿಗೆ ಅಲೆದಾಟ, ವಕೀಲರ ಫೀ, ಹೊಸ ಜಾಗದಲ್ಲಿ ಗಿರಾಕಿ ಇಲ್ಲದ ಅಂಗಡಿ. ಕಾಗದ ಪತ್ರ ಸರಿಯಾಗಿದ್ದವರು, ಕೋರ್ಟಿನಲ್ಲಿ ಹೆಚ್ಚಿನ ಪರಿಹಾರಕ್ಕೆ ಕಾಯುವ ಶಕ್ತಿ ಇದ್ದವರು ತಡೆದುಕೊಂಡರು. ನಾಳಿನ ಊಟಕ್ಕೆ ಇವತ್ತೇ ದುಡ್ಡು ಬೇಕಾದವರು ಕೊಟ್ಟಷ್ಟು ತೆಗೆದುಕೊಂಡು ಎದ್ದರು. ನೀರು ಎಲ್ಲರ ಮನೆಗೂ ಒಂದೇ ಎತ್ತರಕ್ಕೆ ಬಂತು, ಆದರೆ ಎಲ್ಲರೂ ಒಂದೇ ಥರ ಮುಳುಗಲಿಲ್ಲ. ಈಗಲೂ ಅಣೆಕಟ್ಟೆಯನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ಮಾತು ಬಂದಾಗಲೆಲ್ಲ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮೊದಲ ಮಾತು ಪರಿಹಾರದ್ದೇ.

ಹಾಗಾಗಿ ಸೀಗಲ್ ಮೇಲಿನ ಪ್ರೀತಿ ಇಟ್ಟುಕೊಂಡೇ ಹೇಳುತ್ತೇನೆ: ಆ ಕಥೆಯಲ್ಲಿ ಕೊಳೆಗೇರಿಯ ಒಬ್ಬ ಹೆಣ್ಣುಮಗಳನ್ನಾದರೂ ಮಾತಾಡಿಸಬೇಕಿತ್ತು. ನಿನ್ನ ಮನೆ ಒಡೆಯಲೇನವ್ವಾ, ನೀ ಎಲ್ಲಿಗೆ ಹೋಗುತ್ತೀ ಅಂತ ಕೇಳಬೇಕಿತ್ತು. ಬಡವರ ಪರ ನಿಂತ ವೀರ ಕೂಡ ಬಡವರನ್ನು ಕೇಳದೆ ತೀರ್ಮಾನ ಮಾಡಿದರೆ ಅವನಿಗೂ ಅಧಿಕಾರಿಗೂ ಏನು ವ್ಯತ್ಯಾಸ?

ಅಷ್ಟಾದರೂ ಆ ಸೂಪರ್‌ಮ್ಯಾನ್ ನನಗೆ ಬೇಕು. ಅವನು ಬಹಳ ದಿನ ಉಳಿಯಲಿಲ್ಲ ಅನ್ನುವುದೇ ಬೇಸರ. ಮಹಾಯುದ್ಧ ಬಂತು, ಗೂಢಚಾರರು ಬಂದರು, ಹುಚ್ಚು ವಿಜ್ಞಾನಿಗಳು ಬಂದರು. 1954ರಲ್ಲಿ ಕಾಮಿಕ್ಸ್ ಕಂಪನಿಗಳು ಸೇರಿ ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡವು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಅಂತ ಆಗ ಅಮೆರಿಕದಲ್ಲಿ ದೊಡ್ಡ ಗುಲ್ಲೆದ್ದಿತ್ತು. ಸೆನೆಟ್ ಸಮಿತಿ ವಿಚಾರಣೆಯನ್ನೂ ನಡೆಸಿತು. ಆ ನಿಯಮಗಳಲ್ಲಿ ಒಂದು ಹೀಗಿತ್ತು: ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳು, ಗೌರವಾನ್ವಿತ ಸಂಸ್ಥೆಗಳ ಬಗ್ಗೆ ಅಗೌರವ ಮೂಡುವಂತೆ ಚಿತ್ರಿಸಬಾರದು. ಇನ್ನೊಂದು: ಪ್ರತಿ ಕಥೆಯಲ್ಲೂ ಅಪರಾಧಿಗೆ ಶಿಕ್ಷೆ ಆಗಲೇಬೇಕು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ದೊಡ್ಡ ಕುರ್ಚಿಯಲ್ಲಿ ಕೂತವನು ಕೆಟ್ಟವನಾಗಿ ಕಾಣಬಾರದು, ಆದರೆ ಕಥೆಗೆ ಒಬ್ಬ ಅಪರಾಧಿ ಬೇಕು. ಹಾಗಾದರೆ ಉಳಿದವನು ಯಾರು? ಬ್ಯಾಂಕಿಗೆ ನುಗ್ಗುವವನು, ಸರ ಕೀಳುವವನು, ಗೋದಾಮು ಒಡೆಯುವವನು. ಗಣಿ ಮಾಲೀಕ ಪುಟದಿಂದ ಮರೆಯಾದ. ಇಟಲಿಯ ಚಿಂತಕ ಉಂಬರ್ಟೊ ಎಕೋ 1962ರಷ್ಟು ಹಿಂದೆಯೇ ಇದನ್ನು ಗುರುತಿಸಿ ಬರೆದಿದ್ದ. ಲೋಕವನ್ನೇ ಬದಲಿಸುವ ಶಕ್ತಿ ಇರುವ ಸೂಪರ್‌ಮ್ಯಾನ್‌ಗೆ ಕೆಡುಕು ಅಂದರೆ ಬೇರೆಯವರ ಆಸ್ತಿಗೆ ಕೈ ಹಾಕುವುದು ಮಾತ್ರ, ಒಳಿತು ಅಂದರೆ ದಾನ ಧರ್ಮ ಮಾತ್ರ ಅನ್ನುವ ಅರ್ಥದಲ್ಲಿ.

ಈಗ ಬ್ಯಾಟ್‌ಮ್ಯಾನ್‌ಗೆ ಬರುತ್ತೇನೆ. 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್ 27ರಲ್ಲಿ ಅವನು ಮೊದಲು ಬಂದ. ಅವನ ಹಿನ್ನೆಲೆ ಗೊತ್ತಾದದ್ದು ಅದೇ ವರ್ಷದ 33ನೇ ಸಂಚಿಕೆಯಲ್ಲಿ. ಸಿನಿಮಾ ನೋಡಿ ಮರಳುವಾಗ ಕಳ್ಳನೊಬ್ಬ ತಾಯಿಯ ಕೊರಳಿನ ಹಾರಕ್ಕೆ ಕೈ ಹಾಕುತ್ತಾನೆ, ಗುಂಡು ಹಾರುತ್ತದೆ, ಅಪ್ಪ ಅವ್ವ ಇಬ್ಬರೂ ಮಗನ ಕಣ್ಣೆದುರೇ ಸಾಯುತ್ತಾರೆ. ಹುಡುಗ ಬೆಳೆದು, ಅಪ್ಪನ ಆಸ್ತಿ ಇದೆ, ನಾನು ಶ್ರೀಮಂತ, ಇನ್ನು ನನ್ನ ಬಾಳು ಅಪರಾಧಿಗಳ ಮೇಲಿನ ಯುದ್ಧಕ್ಕೆ ಅಂತ ತೀರ್ಮಾನಿಸುತ್ತಾನೆ.

ಸೀಗಲ್ ಮನೆಯಲ್ಲಿ ನಡೆದದ್ದೂ ಕಳ್ಳತನ, ಮುಂದೆ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್ ಮನೆಯಲ್ಲಿ ನಡೆದದ್ದೂ ಕಳ್ಳತನ. ಒಂದು ಮನೆಯ ಹುಡುಗ ಕಳ್ಳ ಯಾಕೆ ಕಳ್ಳನಾದ ಅಂತ ಕೇಳಿದ. ಇನ್ನೊಂದು ಮನೆಯ ಹುಡುಗ ಕಳ್ಳನನ್ನು ಹೊಡೆಯಲು ಮೈ ಬೆಳೆಸಿದ. ಮೊದಲನೆಯವನು ನಿಜವಾಗಿ ಬದುಕಿದ್ದವನು, ಎರಡನೆಯವನು ಕಥೆಯವನು. ಎಂಬತ್ತಕ್ಕೂ ಹೆಚ್ಚು ವರ್ಷ ಲೋಕ ಎರಡನೆಯವನ ಬೆನ್ನು ಹತ್ತಿತು.

ಫೋರ್ಬ್ಸ್ ಪತ್ರಿಕೆ ಕಾಲ್ಪನಿಕ ಶ್ರೀಮಂತರ ಪಟ್ಟಿ ಮಾಡುತ್ತಿತ್ತು. 2013ರ ಪಟ್ಟಿಯಲ್ಲಿ ಐರನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್ ಆಸ್ತಿ 1,240 ಕೋಟಿ ಡಾಲರ್, ಬ್ರೂಸ್ ವೇನ್ ಆಸ್ತಿ 920 ಕೋಟಿ ಡಾಲರ್. ಸ್ಟಾರ್ಕ್ ವಿಷಯದಲ್ಲಿ ಒಂದು ಪ್ರಾಮಾಣಿಕತೆ ಇದೆ. 1963ರಲ್ಲಿ ಅವನು ಬಂದಾಗಲೇ ಶಸ್ತ್ರಾಸ್ತ್ರ ತಯಾರಿಸಿ ಮಾರುವವನು ಅಂತ ಕಥೆ ಹೇಳಿಬಿಟ್ಟಿತು. ತನ್ನ ಆಯುಧಗಳ ಕೆಲಸಕ್ಕೆ ವಿಯೆಟ್ನಾಮಿಗೆ ಹೋಗಿಯೇ ಅವನ ಎದೆಗೆ ಗಾಯ ಆದದ್ದು. ರೊಕ್ಕದ ಮೂಲ ಅಲ್ಲೇ ಇದೆ, ಅದರ ರಕ್ತವೂ ಅಲ್ಲೇ ಇದೆ. ಮುಂದೆ ಬಂದ ಎಷ್ಟೋ ಒಳ್ಳೆಯ ಕಥೆಗಳು ಆ ಮೂಲವನ್ನೇ ಕೆದಕಿದವು. ವೇನ್ ಮನೆತನದ ಕಥೆ ಹಾಗಲ್ಲ. ಅಪ್ಪ ಒಳ್ಳೆಯ ಡಾಕ್ಟರ್, ಮನೆತನ ತಲೆಮಾರುಗಳಿಂದ ಬ್ಯಾಟ್‌ಮ್ಯಾನ್ ಊರಾದ ಗಾಥಮ್ ನಗರ ಕಟ್ಟಿದ್ದು, ಕಂಪನಿ ದೊಡ್ಡದು, ದಾನ ದೊಡ್ಡದು. ಆ ಕಂಪನಿಯಲ್ಲಿ ದುಡಿದವರು ಯಾರು? ಅವರ ಪಗಾರ ಎಷ್ಟಿತ್ತು? ಸಾಮಾನ್ಯವಾಗಿ ಆ ಪುಟ ತೆರೆಯುವುದೇ ಇಲ್ಲ.

ಇಂಟರ್ನೆಟ್ಟಿನಲ್ಲಿ ಜನ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಬ್ಯಾಟ್‌ಮ್ಯಾನ್ ತನ್ನ ದುಡ್ಡನ್ನು ಗಾಥಮ್ ಬಡವರಿಗೆ ಹಂಚಿದ್ದರೆ ಮುಗಿಯುತ್ತಿತ್ತು ಅಂತ. ನನಗೆ ಆ ಮಾತು ಸಾಲದು ಅನ್ನಿಸುತ್ತದೆ. ಹಂಚುತ್ತಾನೆ ಕೂಡ, ಅವನ ಹೆಸರಿನ ಪ್ರತಿಷ್ಠಾನ ಇದೆ, ಅನಾಥಾಲಯಗಳಿವೆ, ಆಸ್ಪತ್ರೆಗಳಿವೆ. ದಾನ ಕೊಡುವ ಕೈ ಮೇಲೆಯೇ ಇರುತ್ತದೆ, ಚಾಚುವ ಕೈ ಕೆಳಗೇ ಇರುತ್ತದೆ. ನಮ್ಮ ಹುಡುಗನ ಎರಡನೇ ಪ್ರಶ್ನೆ ಇದಕ್ಕಿಂತ ಆಳದ್ದು. ದುಡ್ಡನ್ನು ಏನು ಮಾಡಬೇಕು ಅನ್ನುವುದಕ್ಕಿಂತ ಮೊದಲು ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳುವುದು.

ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ನನಗೆ ಮನಸಾರೆ ಇಷ್ಟ ಆಗುವವಳು ಲೆಸ್ಲಿ ಥಾಂಪ್ಕಿನ್ಸ್. 1976ರ ಒಂದು ಕಥೆಯಲ್ಲಿ ಮೊದಲು ಬಂದಳು. ಅಪ್ಪ ಅವ್ವ ಸತ್ತ ರಾತ್ರಿ ಆ ಹುಡುಗನನ್ನು ಹತ್ತಿರ ತೆಗೆದುಕೊಂಡವಳು. ಮುಂದಿನ ಕಥೆಗಳಲ್ಲಿ ಅವಳು ಡಾಕ್ಟರ್. ಕೊಲೆ ನಡೆದ ಆ ಹಾಳು ಓಣಿಯಲ್ಲೇ ಬಡವರಿಗೆ ದವಾಖಾನೆ ನಡೆಸುತ್ತಾಳೆ. ಬಂದವನು ಕಳ್ಳನೋ ಪೊಲೀಸನೋ ನೋಡುವುದಿಲ್ಲ, ಗಾಯ ನೋಡುತ್ತಾಳೆ. ಅವಳಿಗೆ ಮುಸುಕಿಲ್ಲ, ಹಾಗಾಗಿ ಮುಖಪುಟವೂ ಜಾಸ್ತಿ ಸಿಗುವುದಿಲ್ಲ.

ಇನ್ನೊಬ್ಬನ ಕಥೆ ಹೇಳಲೇಬೇಕು. ಬ್ಯಾಟ್‌ಮ್ಯಾನ್ ಜೊತೆಗಾರನಿಗೆ ರಾಬಿನ್ ಅಂತ ಹೆಸರು, ಆ ಹೆಸರಿನಲ್ಲಿ ಒಬ್ಬನ ನಂತರ ಒಬ್ಬ ಬಂದಿದ್ದಾರೆ. ಮೊದಲನೆಯವನು ಸರ್ಕಸ್ ಹುಡುಗ. ಎರಡನೆಯವನು ಜೇಸನ್ ಟಾಡ್. 1987ರಲ್ಲಿ ಅವನ ಕಥೆಯನ್ನು ಹೊಸದಾಗಿ ಬರೆದಾಗ ಅವನನ್ನು ಬೀದಿ ಹುಡುಗನನ್ನಾಗಿ ಮಾಡಿದರು. ಅದೇ ಹಾಳು ಓಣಿಯಲ್ಲಿ ಬ್ಯಾಟ್‌ಮ್ಯಾನ್ ಕಾರಿನ ಚಕ್ರಗಳನ್ನೇ ಕಳಚಿ ಒಯ್ಯುತ್ತಿದ್ದ ಹುಡುಗ. ಎಂಥ ಧೈರ್ಯ ಅವನಿಗೆ! ಅವನನ್ನು ಬಂಗಲೆಗೆ ಕರೆತಂದು ರಾಬಿನ್ ಮಾಡುತ್ತಾರೆ. ಅವನು ಸಿಟ್ಟಿನವನು, ಹೇಳಿದ ಮಾತು ಕೇಳದವನು, ಕೆಟ್ಟವರನ್ನು ಕಂಡರೆ ಕೈ ತಡೆಯದವನು. ಓದುಗರಲ್ಲಿ ಬಹಳ ಮಂದಿಗೆ ಅವನು ಹಿಡಿಸಲಿಲ್ಲ. 1988ರಲ್ಲಿ ಕಾಮಿಕ್ಸ್ ಕಂಪನಿ ಒಂದು ಕೆಲಸ ಮಾಡಿತು. ಜೇಸನ್ ಸ್ಫೋಟದಲ್ಲಿ ಸಿಕ್ಕಿಕೊಂಡಿದ್ದಾನೆ, ಅವನು ಬದುಕಬೇಕೋ ಸಾಯಬೇಕೋ ನೀವೇ ಫೋನ್ ಮಾಡಿ ಹೇಳಿ ಅಂತ ಎರಡು ನಂಬರು ಕೊಟ್ಟಿತು. ಒಂದು ಕರೆಗೆ 50 ಸೆಂಟ್. ಸಾಯಲಿ ಅಂತ 5,343 ಕರೆ ಬಂದವು. ಬದುಕಲಿ ಅಂತ 5,271. ಬರೀ 72 ಕರೆಗಳ ಅಂತರದಲ್ಲಿ ಹುಡುಗ ಸತ್ತ.

ಅವನ ಜಾಗಕ್ಕೆ ಬಂದ ಟಿಮ್ ಡ್ರೇಕ್ ಅನುಕೂಲಸ್ಥರ ಮನೆಯ ಹುಡುಗ. ಜಾಣ, ಶಿಸ್ತಿನವನು, ಎಲ್ಲರ ಮೆಚ್ಚಿನವನು.

ಫೋನ್ ಮಾಡಿದವರೆಲ್ಲ ಅವನು ಬಡವ ಅಂತಲೇ ಸಾಯಿಸಿದರು ಅಂತ ನಾನು ಹೇಳುವುದಿಲ್ಲ. ಆದರೆ ಬಡವರ ಮನೆಯ ಹುಡುಗನನ್ನು ಹೀಗೆ ಚಿತ್ರಿಸುವುದು ಎಲ್ಲ ಕಡೆ ಇದೆ. ಅವನ ಸಿಟ್ಟು ಅವನ ದೋಷವಾಗುತ್ತದೆ. ಬ್ರೂಸ್ ವೇನ್ ಸಿಟ್ಟು ಮಾತ್ರ ಅವನ ಧ್ಯೇಯವಾಗುತ್ತದೆ. ಒಂದೇ ಓಣಿಯಲ್ಲಿ ಒಬ್ಬ ಅಪ್ಪ ಅವ್ವನನ್ನು ಕಳೆದುಕೊಂಡ, ಇನ್ನೊಬ್ಬ ಹೊಟ್ಟೆಗಾಗಿ ಚಕ್ರ ಕಳಚಿದ. ಶಾಲೆಯಲ್ಲೂ ಇದನ್ನು ನೋಡಿದ್ದೇನೆ. ಸಾಹುಕಾರರ ಮಗ ಎದುರು ಮಾತಾಡಿದರೆ ಚುರುಕು ಹುಡುಗ. ಮಗ್ಗದ ಮನೆಯ ಹುಡುಗ ಎದುರು ಮಾತಾಡಿದರೆ ಉಡಾಳ.

ಮನಸ್ಸಿಗೆ ಹಿತ ಕೊಡುವ ಕಥೆಗಳೂ ಇವೆ. ಅವುಗಳಲ್ಲಿ ಲೋಕ ಉಳಿಸುವ ಯುದ್ಧಕ್ಕಿಂತ ಬಾಡಿಗೆಯ ಚಿಂತೆ ದೊಡ್ಡದು. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಅಂದರೆ ಪೀಟರ್ ಪಾರ್ಕರ್. ಚಿಕ್ಕಪ್ಪ ತೀರಿಕೊಂಡಿದ್ದಾನೆ, ಮೇ ಚಿಕ್ಕಮ್ಮನ ಕೈಯಲ್ಲಿ ಬಾಡಿಗೆಗೂ ದುಡ್ಡಿಲ್ಲ. ಹುಡುಗ ಮುಸುಕು ಹಾಕಿಕೊಂಡು ಪ್ರದರ್ಶನ ಕೊಟ್ಟು ದುಡಿಯುತ್ತಾನೆ. ಸಂಭಾವನೆಗೆ ಸ್ಪೈಡರ್‌ಮ್ಯಾನ್ ಹೆಸರಿಗೆ ಚೆಕ್ ಕೊಡುತ್ತಾರೆ. ಬ್ಯಾಂಕಿಗೆ ಹೋದರೆ ಗುಮಾಸ್ತ ಗುರುತಿನ ಕಾಗದ ಕೇಳುತ್ತಾನೆ. ಗೋಡೆ ಹತ್ತುವವನು, ಕಾರು ಎತ್ತುವವನು, ಆ ಕಿಟಕಿಯ ಮುಂದೆ ಏನೂ ಮಾಡಲಾಗದೆ ನಿಲ್ಲುತ್ತಾನೆ. ಖಾತೆಗೆ ಹೆಸರು ಹೊಂದುತ್ತಿಲ್ಲ, ಬೆರಳಚ್ಚು ಹತ್ತುತ್ತಿಲ್ಲ ಅಂತ ಪಿಂಚಣಿ ಸಿಗದೆ ಕಿಟಕಿಯಿಂದ ಮರಳುವ ಮುದುಕಿಯರನ್ನು ಕಂಡವರಿಗೆ ಈ ಚೌಕಗಳು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಅವನು ಪತ್ರಿಕೆಗೆ ತನ್ನದೇ ಫೋಟೋ ಮಾರುತ್ತಾನೆ. ಆ ಪತ್ರಿಕೆ ಅದೇ ಫೋಟೋ ಹಾಕಿ ಅವನನ್ನೇ ಬೈಯುತ್ತದೆ. ದುಡಿಮೆಯೂ ನಿನ್ನದು, ಬೈಗುಳವೂ ನಿನಗೇ.

ಇನ್ನೂ ಮುಂದೆ ಹೋದವನು ಲೂಕ್ ಕೇಜ್. 1972ರಲ್ಲಿ ಬಂದ ಹಾರ್ಲೆಮ್ಮಿನ ಕಪ್ಪು ಯುವಕ. ಮಾಡದ ತಪ್ಪಿಗೆ ಜೈಲಿಗೆ ಹೋಗಿ, ಅಲ್ಲಿನ ಪ್ರಯೋಗದಲ್ಲಿ ಶಕ್ತಿ ಪಡೆದವನು. ಹೊರಗೆ ಬಂದು ಬೋರ್ಡ್ ಹಾಕಿಕೊಂಡ: ವೀರನ ಕೆಲಸ ಬೇಕಿದ್ದರೆ ಕೂಲಿ ಕೊಡಿ. ಅವನಿಗೆ ಅಪ್ಪನ ಆಸ್ತಿ ಇಲ್ಲ, ಪುಕ್ಕಟೆ ವೀರನಾಗಲು ಹೇಗೆ ಸಾಧ್ಯ? ಒಮ್ಮೆ ಡಾಕ್ಟರ್ ಡೂಮ್ ಅವನಿಂದ ಕೆಲಸ ಮಾಡಿಸಿಕೊಂಡು ಕೂಲಿ ಕೊಡದೆ ತನ್ನ ದೇಶಕ್ಕೆ ಹೋಗಿಬಿಡುತ್ತಾನೆ. ಡೂಮ್ ಅಂದರೆ ಸಾಮಾನ್ಯನಲ್ಲ, ಒಂದು ದೇಶದ ದೊರೆ. ಬಾಕಿ ಎಷ್ಟು? 200 ಡಾಲರ್. ಕೇಜ್ ಬೇರೆ ವೀರರ ಬಳಿ ವಿಮಾನ ಕಡ ತೆಗೆದುಕೊಂಡು, ಸಮುದ್ರ ದಾಟಿ, ಅರಮನೆಗೆ ನುಗ್ಗಿ, ಆ 200 ಡಾಲರ್ ವಸೂಲಿ ಮಾಡಿಕೊಂಡು ಬರುತ್ತಾನೆ.

ಕೆಲವರು ಇದನ್ನು ತಮಾಷೆಯ ಕಥೆ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಜಿಲ್ಲೆ, ವಿಜಯಪುರ ಜಿಲ್ಲೆಯ ಎಷ್ಟು ಜನ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುತ್ತಾರೆ. ಕೊನೆಯ ವಾರದ ಕೂಲಿ ಬಾಕಿ ಉಳಿದರೆ ಮತ್ತೆ ಯಾರು ಹೋಗಿ ಕೇಳುತ್ತಾರೆ? ಬಸ್ಸಿನ ಚಾರ್ಜೇ ಅದಕ್ಕಿಂತ ಜಾಸ್ತಿ ಆಗುತ್ತದೆ. ಅದನ್ನು ಗೊತ್ತಿದ್ದೇ ಕೂಲಿ ಹಿಡಿಯುವವರಿದ್ದಾರೆ. ಬಾಕಿಗಿಂತ ವಸೂಲಿಯ ಖರ್ಚು ದೊಡ್ಡದಾದರೂ ಹೋಗಿ ಕೇಳಿದ ಒಬ್ಬ ಮನುಷ್ಯ ನನಗೆ ಪೂರಾ ವೀರನೇ. ದುಡಿದ ಕೂಲಿ ಕೇಳುವುದರಲ್ಲಿ ನಾಚಿಕೆ ಏನಿದೆ?

1970ರ ಗ್ರೀನ್ ಲ್ಯಾಂಟರ್ನ್ 76ನೇ ಸಂಚಿಕೆಯನ್ನೂ ಇಲ್ಲಿ ನೆನೆಯಬೇಕು. ಬಾಡಿಗೆದಾರರನ್ನು ಬೀದಿಗೆ ಹಾಕಲು ಹೊರಟ ಕಟ್ಟಡದ ಮಾಲೀಕನ ಮೇಲೆ ಜನ ಸಿಟ್ಟಾಗಿ ಏರಿ ಹೋದಾಗ, ಬೇರೆ ಗ್ರಹಗಳನ್ನೂ ಕಾಯುವ ವೀರ ಗ್ರೀನ್ ಲ್ಯಾಂಟರ್ನ್ ಎಂದಿನಂತೆ ಮಾಲೀಕನನ್ನೇ ಕಾಪಾಡುತ್ತಾನೆ. ಆಗ ಆ ಕಟ್ಟಡದ ಒಬ್ಬ ಕಪ್ಪು ಮುದುಕ ಮುಂದೆ ಬಂದು, ದೂರದ ಗ್ರಹಗಳ ಬಣ್ಣ ಬಣ್ಣದ ಜನರಿಗೆಲ್ಲ ನೀನು ದುಡಿದೆಯಂತೆ, ಇಲ್ಲೇ ಇರುವ ಕಪ್ಪು ಜನರ ಕಡೆ ಯಾಕೆ ತಿರುಗಿ ನೋಡಲಿಲ್ಲ ಅಂತ ಕೇಳುತ್ತಾನೆ. ವೀರ ತಲೆ ತಗ್ಗಿಸುತ್ತಾನೆ. ಬರೆದವನು ಡೆನಿಸ್ ಓನೀಲ್, ಚಿತ್ರ ನೀಲ್ ಆಡಮ್ಸ್ ಅವನದು. ಈ ಚಿತ್ರಕಾರನ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ನಮ್ಮ ಕಡೆಯ ವೀರರ ಹಾಡುಗಳಲ್ಲಿ ಕೆಡುಕು ಎಲ್ಲಿರುತ್ತದೆ ಅಂತಲೂ ನೋಡಿ. ಸಂಗೊಳ್ಳಿ ರಾಯಣ್ಣ ಯಾರ ಮೇಲೆ ಏರಿ ಹೋದ? ಕಿತ್ತೂರು ಕಸಿದುಕೊಂಡವರ ಮೇಲೆ, ಇನಾಮು ಹೊಲ ಕಿತ್ತುಕೊಂಡು ಉಳಿದದ್ದರ ಮೇಲೆ ತೆರಿಗೆ ಹೇರಿದವರ ಮೇಲೆ. ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟ, ಖಜಾನೆ ಲೂಟಿ ಮಾಡಿದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಎದ್ದದ್ದು ಒಂದು ಕಾಯಿದೆಯ ವಿರುದ್ಧ, ಕೈಯಲ್ಲಿದ್ದ ಹತಾರ ಕಸಿಯುವ ಕಾಯಿದೆ. ಬೇಟೆಯಿಂದ, ಕಾವಲಿನಿಂದ ಬದುಕುವವರ ಕೈಯಿಂದ ಹತಾರ ಕಸಿದರೆ ಅನ್ನವನ್ನೇ ಕಸಿದ ಹಾಗೆ. ಸಿಂಧೂರ ಲಕ್ಷ್ಮಣನೂ ಅಷ್ಟೇ. ಜತ್ತ ಸೀಮೆಯ ಸಿಂಧೂರಿನವನು. ಖಜಾನೆ, ಸಾಹುಕಾರರ ಮನೆ ಲೂಟಿ ಮಾಡಿ ಬಡವರಿಗೆ ಹಂಚಿದ ಅಂತ ಜನ ಹಾಡುತ್ತಾರೆ. ಬೀಳಗಿ ಕಡೆಯ ಗುಡ್ಡದಲ್ಲಿ ಅವನನ್ನು ಮೋಸದಿಂದ ಕೊಂದರು. ಜಾತ್ರೆಯಲ್ಲಿ ಅವನ ನಾಟಕ ಇದ್ದರೆ ಬೆಳಗಿನವರೆಗೂ ಜನ ಏಳುವುದಿಲ್ಲ.

ಲಾವಣಿಯ ವೈರಿಗೆ ಕಚೇರಿ ಇದೆ, ಕಾಯಿದೆ ಇದೆ, ಖಜಾನೆ ಇದೆ. ಗಾಥಮ್ ವೈರಿಗೆ ಬಣ್ಣದ ಮುಖ ಇದೆ, ಹುಚ್ಚು ನಗು ಇದೆ. ಬ್ರಿಟಿಷರ ಕಡತದಲ್ಲಿ ರಾಯಣ್ಣ ದರೋಡೆಕೋರ, ಲಕ್ಷ್ಮಣ ದರೋಡೆಕೋರ. ಗಾಥಮ್‌ನಲ್ಲಿ ಹುಟ್ಟಿದ್ದರೆ ಅವರನ್ನು ಬ್ಯಾಟ್‌ಮ್ಯಾನ್ ಕೈಯಿಂದ ಹೊಡೆಸುತ್ತಿದ್ದರು. ಕಡತ ಬರೆದವರು ಒಬ್ಬರು, ಹಾಡು ಕಟ್ಟಿದವರು ಇನ್ನೊಬ್ಬರು. ಗೀಗೀ ಮೇಳದವರು ಹಾಡನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು, ಯಾವ ಕಂಪನಿಗೂ ಬರೆದುಕೊಡಲಿಲ್ಲ. ಇವತ್ತಿಗೂ ಆ ಹಾಡುಗಳಲ್ಲಿ ಸಿಟ್ಟು ತಾಜಾ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಸೀಗಲ್, ಶುಸ್ಟರ್ ಬರೆದುಕೊಟ್ಟರು. 1938ರಲ್ಲಿ 130 ಡಾಲರಿಗೆ ಸೂಪರ್‌ಮ್ಯಾನ್ ಹಕ್ಕು ಪೂರಾ ಕಂಪನಿಗೆ ಹೋಯಿತು. ಗಣಿ ಮಾಲೀಕನ ಕಥೆ ಬರೆದವರೇ ತಮ್ಮ ಗಣಿಯನ್ನು ಇನ್ನೊಬ್ಬರಿಗೆ ಕೊಟ್ಟಾಗಿತ್ತು. 1947ರಲ್ಲಿ ಕೋರ್ಟಿಗೆ ಹೋದರು. ಹಕ್ಕು ಸಿಗಲಿಲ್ಲ. ಇದ್ದ ಕೆಲಸವೂ ಹೋಯಿತು, ಕಥೆಯ ಮೇಲಿದ್ದ ಹೆಸರೂ ಹೋಯಿತು. ಮುಂದೆ ಶುಸ್ಟರ್ ಕಣ್ಣು ಮಂಜಾಯಿತು, ಸಾಮಾನು ತಲುಪಿಸುವ ಕೆಲಸ ಮಾಡಿದ. ಸೀಗಲ್ ಟೈಪಿಸ್ಟ್ ಗುಮಾಸ್ತನಾದ. ಬ್ಯಾಟ್‌ಮ್ಯಾನ್ ಕಥೆಯೂ ಬೇರೆ ಅಲ್ಲ. ಆ ಕಥೆಗಳನ್ನು ಕಟ್ಟಿದ ಬಿಲ್ ಫಿಂಗರ್ 1974ರಲ್ಲಿ ಬಡತನದಲ್ಲೇ ತೀರಿಕೊಂಡ. ಒಪ್ಪಂದ ಮಾಡಿಕೊಂಡ ಬಾಬ್ ಕೇನ್ ಒಬ್ಬನ ಹೆಸರೇ ದಶಕಗಟ್ಟಲೆ ಅಚ್ಚಾಯಿತು. ಫಿಂಗರ್ ಹೆಸರು ಪಕ್ಕದಲ್ಲಿ ಬರಲು 2015 ಬರಬೇಕಾಯಿತು.

ಆ 130 ಡಾಲರ್, ಬೇರೆ ಕೆಲಸದ ಕೂಲಿ ಎಲ್ಲ ಸೇರಿಸಿ ಕಂಪನಿ ಸೀಗಲ್, ಶುಸ್ಟರ್ ಇಬ್ಬರಿಗೆ ಕೊಟ್ಟಿದ್ದ 412 ಡಾಲರಿನ ಹಳೆಯ ಚೆಕ್ 2012ರಲ್ಲಿ ಹರಾಜಿಗೆ ಬಂತು. 1,60,000 ಡಾಲರಿಗೆ ಹೋಯಿತು. ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಬನಹಟ್ಟಿಯ ಮಾಮಾನ ಮನೆಯಲ್ಲಿ ಇದನ್ನು ಹೇಳಿದಾಗ ಅಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಸೀರೆ ಮೊದಲು ಬೆಳಕು ಕಂಡದ್ದು ಅವರ ಮಗ್ಗದಲ್ಲಿ. ಮಜೂರಿ ಇಷ್ಟೇ ಅಂತ ಗೊತ್ತು, ಮುಂಗಡ ತೀರುವವರೆಗೆ ಬೇರೆ ಮಾಲೀಕನ ಕಡೆ ಹೋಗುವ ಹಾಗಿಲ್ಲ ಅಂತಲೂ ಗೊತ್ತು. ಪೇಟೆಯ ಗಾಜಿನ ಅಂಗಡಿಯಲ್ಲಿ ಅದೇ ಸೀರೆಗೆ ಏನು ಬೆಲೆ ಹಚ್ಚಿರುತ್ತಾರೆ ಅಂತಲೂ ಗೊತ್ತು. ಸೀರೆಯ ಮೇಲೆ ಅಂಗಡಿಯ ಹೆಸರಿರುತ್ತದೆ. ಸೆರಗು ನೇಯ್ದವರ ಹೆಸರು ಎಲ್ಲಿಯೂ ಇರುವುದಿಲ್ಲ.

ಅಕ್ಕನ ಮಗ ಮಾತ್ರ ಬಿಡಲಿಲ್ಲ. "ಮಾಮಾ, ಆ ಕಂಪನಿಯವರ ಮ್ಯಾಲ ಸೂಪರ್‌ಮ್ಯಾನ್ ಯಾಕ ಏರಿ ಹೋಗಲಿಲ್ಲ?"

ಸೂಪರ್‌ಮ್ಯಾನ್ ಹೋಗಲಿಲ್ಲ, ಮನುಷ್ಯರು ಹೋದರು ಅಂತ ಅವನಿಗೆ ಹೇಳಿದೆ. 1975ರಲ್ಲಿ ಸೂಪರ್‌ಮ್ಯಾನ್ ಮೇಲೆ ಭಾರೀ ಖರ್ಚಿನ ಸಿನಿಮಾ ಬರುತ್ತದೆ ಅನ್ನುವ ಸುದ್ದಿ ಬಂದಾಗ ಸೀಗಲ್ ಪತ್ರಿಕೆಗಳಿಗೆಲ್ಲ ಪತ್ರ ಬರೆದು ತಮ್ಮ ಪಾಡು ಹೇಳಿಕೊಂಡ. ಆಗ ಅವರ ಪರ ಎದ್ದು ನಿಂತವರಲ್ಲಿ ಮುಂದಿದ್ದವನು ನೀಲ್ ಆಡಮ್ಸ್, ಆ ಕಪ್ಪು ಮುದುಕನ ಚಿತ್ರ ಬರೆದವನು. ಇನ್ನೊಬ್ಬ ಜೆರ್ರಿ ರಾಬಿನ್ಸನ್, ಹಿಂದೆ ಬ್ಯಾಟ್‌ಮ್ಯಾನ್ ಕಥೆಗಳಿಗೆ ಚಿತ್ರ ಬರೆದವನು. ಕಂಪನಿಗಳಿಂದ ಕೆಲಸ ಪಡೆಯುವ ಚಿತ್ರಕಾರರೇ ಕಂಪನಿಯ ಎದುರು ಮಾತಾಡಿದರು. ಟಿವಿಗೆ ಹೋದರು, ಪತ್ರಿಕೆಗಳಿಗೆ ಹೋದರು, ಬೇರೆ ಚಿತ್ರಕಾರರನ್ನು ಜೊತೆ ಮಾಡಿಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಒಪ್ಪಿತು. ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ, ಜೊತೆಗೆ ಕಥೆಯ ಮೇಲೆ ಅವರ ಹೆಸರು. ಅವರ ಪಾಲಿಗೆ ಬರಬೇಕಾಗಿದ್ದಕ್ಕೆ ಅದು ಏನೂ ಅಲ್ಲ. ಮುಂದೆ ಮಕ್ಕಳು, ಸಂಬಂಧಿಕರು ಹಕ್ಕಿಗಾಗಿ ಮತ್ತೆ ಕೋರ್ಟಿಗೆ ಹೋದರು. ಆದರೂ ಅದು ಬೇಡಿ ಪಡೆದದ್ದಲ್ಲ, ಜಗಳ ಮಾಡಿ ಪಡೆದದ್ದು.

ಇಂಗ್ಲಿಷ್ ಗ್ರಾಫಿಕ್ ಕಾದಂಬರಿ ಒಂದು ಕೊಳ್ಳಬೇಕಂದರೆ ನಮ್ಮ ಕಡೆ ಮಗ್ಗದ ಮನೆಯವರು ಎರಡು ಸಲ ಯೋಚಿಸಬೇಕು. ಹಾಗಾಗಿ ನನ್ನಲ್ಲಿರುವುದನ್ನು ಓಣಿಯ ಹುಡುಗರಿಗೆ ಓದಲು ಕೊಡುತ್ತೇನೆ. ಇಂಗ್ಲಿಷ್ ಬಾರದವರಿಗೆ ಕೂತು ಕನ್ನಡದಲ್ಲಿ ಹೇಳುತ್ತೇನೆ. ಜೇಸನ್ ಟಾಡ್ ಅವರಿಗೆ ಬಹಳ ಇಷ್ಟ, 72 ಕರೆಗಳ ಮಾತು ಕೇಳಿ ಒಬ್ಬ ಹುಡುಗಿ ಸಿಟ್ಟಿನಿಂದ ಎದ್ದೇ ಹೋದಳು. ಸೂಪರ್‌ಮ್ಯಾನ್ ಪುಸ್ತಕ ತೆಗೆದಾಗ ಅಕ್ಕನ ಮಗ ಮೊದಲ ಪುಟದ ಸಣ್ಣ ಅಕ್ಷರಗಳಲ್ಲಿ ಆ ಇಬ್ಬರ ಹೆಸರು ಹುಡುಕಿ ಜೋರಾಗಿ ಓದುತ್ತಾನೆ. ಆಮೇಲೆಯೇ ಕಥೆ ಶುರು.